ಅಪ್ಪನ ಆಲೆಮನೆಯ ಲೆಕ್ಕವನ್ನೇ ಬರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದ್ವಿತೀಯ ಪಿಯುಸಿ ಮಕ್ಕಳದು. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಬಿ.ಬಿ.ಎ., ಮ್ಯಾನೇಜ್‌ಮೆಂಟ್, ವಾಣಿಜ್ಯ ಓದಲು ಒಳ್ಳೆಯ ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ? ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅಕೌಂಟೆನ್ಸಿ ಹೇಳಿಕೊಟ್ಟವಳು ನಾನು. ಈಗ ಮೈಸೂರಿನಲ್ಲಿ ಕುಳಿತು ಈ ಅಂಕಣ ಬರೆಯುತ್ತಿದ್ದೇನೆ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ.

*

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರ ತಾಲ್ಲೂಕು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ವಾಣಿಜ್ಯ ಓದುತ್ತಿದ್ದೇನೆ, ಪ್ರಥಮ ವರ್ಷದಲ್ಲಿ ಶೇ 94 ಬಂದಿದೆ. ಅಮೆರಿಕದ ನಾಲ್ಕೈದು ಕಾಲೇಜುಗಳಿಗೆ ಮತ್ತು ಇಂದೋರ್ ಐಐಎಂನ ಐದು ವರ್ಷದ ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಆನ್‌ಲೈನ್ ಕೋರ್ಸುಗಳ ಹನ್ನೊಂದು ಪ್ರಮಾಣಪತ್ರಗಳಿವೆ. ನಾನು ಬರೆದ ಪ್ರಬಂಧವನ್ನೂ ಇದರೊಂದಿಗೆ ಕಳುಹಿಸಿದ್ದೇನೆ. ನಮ್ಮದು ಆಲೆಮನೆ ನಡೆಸುವ ಮನೆ, ಹೇಳಿಕೊಳ್ಳುವಂಥ ಹಿನ್ನೆಲೆ ಇಲ್ಲ. ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕವನ್ನು ಅಪ್ಪ ಹಾಕುವುದಿಲ್ಲ, ಹಾಗಾಗಿ ನಮ್ಮ ಬೆಲ್ಲ ಕಪ್ಪಾಗಿ ಕಡಿಮೆ ದರಕ್ಕೆ ಹೋಗುತ್ತದೆ. ಚಿಕ್ಕಪ್ಪನಿಗೂ ಅಪ್ಪನಿಗೂ ಇದೇ ಜಗಳ. ಅರ್ಜಿ ಗಟ್ಟಿಯಾಗಲು ಇನ್ನೇನು ಸೇರಿಸಲಿ?
– ಓದುಗ, ಪಾಂಡವಪುರ ತಾಲ್ಲೂಕು

ಉತ್ತರ: ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ, ಮಗು. "ಚಿಕ್ಕಂದಿನಿಂದಲೂ ನನಗೆ ವ್ಯವಹಾರವೆಂದರೆ ಪ್ರಾಣ" ಎಂದು ಶುರುವಾಗುತ್ತದೆ. ಎರಡನೆಯ ಪ್ಯಾರಾದಲ್ಲಿ ಇಬ್ಬರು ಅಮೆರಿಕನ್ ಉದ್ಯಮಿಗಳು ಬರುತ್ತಾರೆ. ಕೊನೆಗೆ ಜಗತ್ತನ್ನೇ ಬದಲಿಸುವ ಮಾತಿದೆ. ಅಷ್ಟೂ ಬರಹದಲ್ಲಿ ಆಲೆಮನೆ ಎಂಬ ಪದ ಒಮ್ಮೆಯೂ ಇಲ್ಲ.

ಆದರೆ ನೀನು ಕಾಗದ ಬರೆದ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕವೊಂದಿತ್ತು. ಹಳೆಯ ಹಾಳೆಯನ್ನೇ ಬಳಸಿಕೊಂಡಿರಬೇಕು. "ಕಬ್ಬು 8 ಟನ್. ಬೆಲ್ಲ 820. ಕೂಲಿ, ಡೀಸೆಲ್, ಸುಣ್ಣ, ಗಾಡಿ" ಎಂದು ಒಂದರ ಕೆಳಗೊಂದು ಬರೆದು, ಬಲಗಡೆ ಮೊತ್ತ ಹಾಕಿ, ಕೆಳಗಿನ ಸಂಖ್ಯೆಯ ಸುತ್ತ ಎರಡು ಸಲ ಗೆರೆ ಎಳೆದಿದ್ದೀಯೆ. ಒತ್ತಿ ಎಳೆದ ರಭಸಕ್ಕೆ ಕಾಗದ ಈ ಬದಿಗೆ ಉಬ್ಬಿ ಬಂದಿದೆ. ನಿನ್ನ ಪ್ರಬಂಧ ಅಲ್ಲಿದೆ. ನೀನು ಕಳುಹಿಸಿದ್ದನ್ನು ಪಕ್ಕಕ್ಕಿಡು, ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತುಕೋ.

ಆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ, ಅಂದರೆ ಸಕ್ಕರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಅಂದರೆ ಟನ್ನಿಗೆ 3,550. ನಿನ್ನ ಎಂಟು ಟನ್ನಿಗೆ 28,400 ರೂಪಾಯಿ. ಆಲೆಮನೆಯಲ್ಲೂ ರೈತನಿಗೆ ಇಷ್ಟೇ ಕೊಡುವುದಾದರೆ, ಅದನ್ನು 820 ಕಿಲೋ ಬೆಲ್ಲಕ್ಕೆ ಹಂಚಿದಾಗ ಕಿಲೋಗೆ 34 ರೂಪಾಯಿ 63 ಪೈಸೆ ಬರಿಯ ಕಬ್ಬಿಗೇ ಹೋಯಿತು. ಒಲೆಗೆ ಕಬ್ಬಿನ ಸಿಪ್ಪೆಯೇ ಉರುವಲು, ಅದಕ್ಕೆ ದುಡ್ಡಿಲ್ಲ. ಗಾಣಕ್ಕೆ ಡೀಸೆಲ್ ಬೇಕು. ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನಿಗೆ, ಅಚ್ಚಿಗೆ ಹೊಯ್ಯುವವರಿಗೆ ಕೂಲಿ ಬೇಕು. ಇದೆಲ್ಲ ಸೇರಿದ ಮೇಲೆ ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲಕ್ಕೆ ಯಾವ ದರ ಸಿಕ್ಕರೆ ಅಪ್ಪನಿಗೆ ಗಿಟ್ಟುತ್ತದೆ? ನಾವು ಪಾಠದಲ್ಲಿ ಬ್ರೇಕ್ ಈವನ್ ಎಂದು ಹೇಳಿಕೊಡುವುದು ಇದನ್ನೇ.

ಇಲ್ಲಿಗೆ ನಿಲ್ಲಿಸಬೇಡ. ಕಾರ್ಖಾನೆಗೆ ಹೋದ ಕಬ್ಬಿನ ದುಡ್ಡನ್ನು 14 ದಿನಗಳೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಣ ತಡವಾದ ವರ್ಷಗಳನ್ನೂ, ಕಟಾವಿನ ಸರದಿ ಬಾರದೆ ಹೊಲದಲ್ಲೇ ಒಣಗಿದ ಕಬ್ಬನ್ನೂ ನಮ್ಮ ಜಿಲ್ಲೆಯ ರೈತರು ಕಂಡಿದ್ದಾರೆ. ಕಾರ್ಖಾನೆಯ ದರದಲ್ಲಿ ಕಟಾವು, ಸಾಗಣೆಯ ಖರ್ಚೂ ಕಳೆಯುತ್ತದೆ. ಆಲೆಮನೆಯವರು ತಾವೇ ಬಂದು ಕಡಿದುಕೊಂಡು ಹೋಗಿ ಕೈಗೆ ನಗದು ಕೊಡುವುದಾದರೆ ಟನ್ನಿಗೆ ಎಷ್ಟು ಕಡಿಮೆಗೆ ರೈತ ಒಪ್ಪುತ್ತಾನೆ? ಮಗಳ ಮದುವೆ ಇರುವ ವರ್ಷ ಎಷ್ಟು, ಇಲ್ಲದ ವರ್ಷ ಎಷ್ಟು? ಇವತ್ತಿನ ರೂಪಾಯಿಗೂ ಎರಡು ತಿಂಗಳ ನಂತರದ ರೂಪಾಯಿಗೂ ಇರುವ ವ್ಯತ್ಯಾಸವನ್ನು ಹಣಕಾಸು ಶಾಸ್ತ್ರ ಮೊದಲ ಸೆಮಿಸ್ಟರಿನಲ್ಲೇ ಕಲಿಸುತ್ತದೆ. ನೀನು ಅದನ್ನು ಕಣದಲ್ಲಿ ನಿಂತು ನೋಡಿದ್ದೀಯೆ. ನೋಡಿದ್ದನ್ನು ಬರೆಯುವುದೊಂದೇ ಬಾಕಿ.

ಇನ್ನು ಹೈಡ್ರೋಸ್ ಜಗಳ. ಕೊಳ್ಳುವವರು ಹಳದಿ ಬೆಲ್ಲ ಕೇಳುತ್ತಾರೆ. ಕಪ್ಪು ಬೆಲ್ಲ ಕೊಳಕು ಬೆಲ್ಲ ಎಂದು ತಿಳಿಯುತ್ತಾರೆ. ಅಪ್ಪನದು ಒಂದು ಮಾತು, ಚಿಕ್ಕಪ್ಪನದು ಇನ್ನೊಂದು. ಈ ಜಗಳದಲ್ಲಿ ನೀನು ಯಾರ ಪಕ್ಷ? ಮೊದಲು ಯಾರ ಪಕ್ಷದಲ್ಲಿದ್ದೆ? ಮನಸ್ಸು ಬದಲಾಗಿದ್ದರೆ ಯಾವತ್ತು, ಏನನ್ನು ನೋಡಿ ಬದಲಾಯಿತು? ಅಪ್ಪನನ್ನು ದೊಡ್ಡ ಮನುಷ್ಯನನ್ನಾಗಿ, ಚಿಕ್ಕಪ್ಪನನ್ನು ಕೆಟ್ಟವನನ್ನಾಗಿ ಮಾಡಬೇಡ. ಚಿಕ್ಕಪ್ಪನಿಗೂ ಸಾಲದ ಕಂತು ಕಟ್ಟುವ ಚಿಂತೆ ಇರುತ್ತದೆ. ಇಬ್ಬರ ಮಾತಿನಲ್ಲೂ ಇರುವ ನ್ಯಾಯವನ್ನು ತೂಗಿ ನೋಡಬಲ್ಲ ಹುಡುಗನನ್ನೇ ಬಿಸಿನೆಸ್ ಕಾಲೇಜು ಹುಡುಕುತ್ತಿರುತ್ತದೆ.

ಈಗ ಅರ್ಜಿಯ ವಿಚಾರ. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಸಾಕು. ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸದಾಗಿ ತೆರೆಯುತ್ತದೆ. ಬೇಗ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ ಮೊದಲ ವಾರ, ಉಳಿದವರಿಗೆ ಜನವರಿ ಮೊದಲ ವಾರ ಕೊನೆಯ ದಿನ. ಪ್ರಬಂಧ 250ರಿಂದ 650 ಪದಗಳೊಳಗಿರಬೇಕು. ಚಟುವಟಿಕೆಗಳಿಗೆ ಹತ್ತು ಜಾಗಗಳಿದ್ದು, ಒಂದೊಂದರ ವಿವರಣೆಗೆ ಕೊಡುವುದು 150 ಅಕ್ಷರ ಮಾತ್ರ. ಮುಖ್ಯವಾದದ್ದನ್ನು ಮೊದಲು ಬರೆಯಬೇಕು. ಆ ಪಟ್ಟಿಯಲ್ಲಿ ಸಂಬಳದ ಕೆಲಸಕ್ಕೂ ಮನೆಯ ಜವಾಬ್ದಾರಿಗೂ ಪ್ರತ್ಯೇಕ ವರ್ಗಗಳಿವೆ. ಆದ್ದರಿಂದ ಮೊದಲ ಸಾಲು ಆಲೆಮನೆಯದಾಗಲಿ: ಎರಡು ಹಂಗಾಮು ದಿನವಹಿ ಬರೆದದ್ದು, ಶನಿವಾರದ ಬಟವಾಡೆ ಮಾಡಿದ್ದು, ಕಿಲೋವಾರು ವೆಚ್ಚ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದ್ದು. ಮಾಡಿದ್ದನ್ನಷ್ಟೇ ಬರೆ. ಮಾಡಿಲ್ಲದಿದ್ದರೆ ಈ ಹಂಗಾಮಿನಲ್ಲಿ ಮಾಡು, ಅರ್ಜಿಗೆ ಇನ್ನೂ ಸಮಯವಿದೆ. ಹನ್ನೊಂದು ಪ್ರಮಾಣಪತ್ರಗಳಲ್ಲಿ ನಿನ್ನ ಲೆಕ್ಕಕ್ಕೆ ನಿಜವಾಗಿ ನೆರವಾದ ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟುಬಿಡು.

ಕಾಲೇಜು ಆರಿಸುವಾಗಲೂ ಎಚ್ಚರ ಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆ ವಾರ್ಟನ್ 1881ರಲ್ಲಿ ಶುರುವಾದದ್ದು, ಪದವಿಯಲ್ಲೇ ಬಿಸಿನೆಸ್ ಕಲಿಸುತ್ತದೆ. ಗಣಿತದಲ್ಲಿ ಕ್ಯಾಲ್ಕುಲಸ್ ಕಲಿತವರನ್ನು ಬಯಸುತ್ತದೆ. ಹಾರ್ವರ್ಡಿನಲ್ಲಿ ಪದವಿ ಹಂತದಲ್ಲಿ ಬಿಸಿನೆಸ್ ವಿಷಯವೇ ಇಲ್ಲ, ಅರ್ಥಶಾಸ್ತ್ರ ಓದಬೇಕು. ಹಣದ ಅನುಕೂಲ ನೋಡದೆ ವಿದೇಶಿ ವಿದ್ಯಾರ್ಥಿಯನ್ನು ಆರಿಸಿ, ಆಮೇಲೆ ಅಗತ್ಯವಿದ್ದಷ್ಟು ನೆರವು ಕೊಡುವ ಕಾಲೇಜುಗಳು ಕೆಲವೇ ಕೆಲವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಅವುಗಳಲ್ಲಿ ಸೇರಿವೆ. ಈ ಐದರಲ್ಲಿ ಮ್ಯಾನೇಜ್‌ಮೆಂಟ್ ಪದವಿ ಇರುವುದು ಎಂಐಟಿಯಲ್ಲಿ ಮಾತ್ರ. ಅಪ್ಪನೊಂದಿಗೆ ಕುಳಿತು ಮೊದಲು ದುಡ್ಡಿನ ಮಾತು ಮುಗಿಸು. ನೆರವು ಬೇಕೆಂದು ಅರ್ಜಿಯಲ್ಲಿ ಬರೆಯಲು ಸಂಕೋಚ ಬೇಡ. ಬೇಕಿದ್ದೂ ಬೇಡವೆಂದು ಬರೆದರೆ, ಸೀಟು ಸಿಕ್ಕ ಮೇಲೆ ಕೈಚೆಲ್ಲಿ ಕೂರಬೇಕಾಗುತ್ತದೆ.

ಇಂದೋರ್ ಐಐಎಂ ಈ ಐದು ವರ್ಷದ ಕೋರ್ಸನ್ನು 2011ರಲ್ಲಿ ಆರಂಭಿಸಿತು. ಅಲ್ಲಿ ಪ್ರಬಂಧಕ್ಕಿಂತ ಐಪಿಮ್ಯಾಟ್ ಪರೀಕ್ಷೆಯ ಗಣಿತ ಮತ್ತು ಇಂಗ್ಲಿಷ್ ಮುಖ್ಯ, ಆಮೇಲೆ ಸಂದರ್ಶನ. ದಿನಕ್ಕೆ ಒಂದು ಗಂಟೆ ಗಣಿತಕ್ಕೆ ಮೀಸಲಿಡು. ಸಂದರ್ಶನದಲ್ಲಿ "ನಿಮ್ಮ ತಂದೆ ಏನು ಮಾಡುತ್ತಾರೆ" ಎಂದು ಕೇಳಿದಾಗ "ವ್ಯವಸಾಯ" ಎಂಬ ಒಂದೇ ಪದ ಹೇಳಿ ಸುಮ್ಮನಾಗಬೇಡ. ಎಂಟು ಟನ್ನಿನ ಲೆಕ್ಕ ಹೇಳು.

*

ಪ್ರಶ್ನೆ: ಮೇಡಂ, ನಮ್ಮ ಅಮ್ಮ ದೇವರಾಜ ಮಾರುಕಟ್ಟೆಯ ಬಳಿ ಹೂವು ಮಾರುತ್ತಾರೆ. ಕಾಲೇಜಿನಿಂದ ಬಂದ ಮೇಲೆ ನಾನು ಹೂವು ಕಟ್ಟುತ್ತೇನೆ, ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುತ್ತೇನೆ. ಹಾಗಾಗಿ ಭಾಷಣ, ಆಟ, ಎನ್‌ಎಸ್‌ಎಸ್ ಯಾವುದಕ್ಕೂ ಸೇರಲು ಆಗಲಿಲ್ಲ. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿಲ್ಲ, ಅಕೌಂಟೆನ್ಸಿ ಇದೆ. ಮೈಸೂರಿನಲ್ಲಿ ಬಿ.ಕಾಂ. ಅಥವಾ ಬಿ.ಬಿ.ಎ. ಓದಬೇಕು, ದೆಹಲಿಗೂ ಒಂದು ಪ್ರಯತ್ನ ಮಾಡು ಎಂದು ಸರ್ ಹೇಳುತ್ತಾರೆ. ನನ್ನ ಅರ್ಜಿಯಲ್ಲಿ ಬರೆಯಲು ಏನೂ ಇಲ್ಲವಲ್ಲ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಏನೂ ಇಲ್ಲ ಎಂದು ಬರೆದ ಸಾಲಿನ ಮೇಲೆಯೇ ಎರಡು ಕೆಲಸ ಬರೆದಿದ್ದೀಯಲ್ಲ ತಾಯಿ! ಹದಿನೈದಿಪ್ಪತ್ತು ಹೆಂಗಸರ ಉಳಿತಾಯ, ಸಾಲ, ಬಡ್ಡಿಯ ಪುಸ್ತಕವನ್ನು ಹದಿನೇಳು ವರ್ಷದ ಹುಡುಗಿಯ ಕೈಗೆ ಕೊಟ್ಟಿದ್ದಾರೆಂದರೆ ಅದು ಸಣ್ಣ ನಂಬಿಕೆಯಲ್ಲ. ಯಾರು ಕಂತು ತಪ್ಪಿಸಿದರು, ತಪ್ಪಿಸಿದಾಗ ಸಂಘ ಏನು ಮಾಡಿತು, ಲೆಕ್ಕ ಕೂಡದ ವಾರ ನೀನು ಏನು ಮಾಡಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಹೆಸರುಗಳನ್ನು ಮಾತ್ರ ಬಿಟ್ಟುಬಿಡು, ಅವರ ಮಾನ ನಿನ್ನ ಕೈಯಲ್ಲಿದೆ. ಹೂವಿನದೂ ಹಾಗೆಯೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರು ಮಲ್ಲಿಗೆಗೆ ಎಷ್ಟು, ಹಬ್ಬ ಮುಗಿದ ಮರುದಿನ ಎಷ್ಟು, ಸಂಜೆಗೆ ಬಾಡುವ ಸರಕನ್ನು ಅಮ್ಮ ಯಾವ ಹೊತ್ತಿಗೆ ದರ ಇಳಿಸಿ ಮಾರುತ್ತಾರೆ? ಅಮ್ಮ ಆ ತೀರ್ಮಾನ ತೆಗೆದುಕೊಳ್ಳುವುದನ್ನು ಒಂದು ವಾರ ಸುಮ್ಮನೆ ಕುಳಿತು ನೋಡು, ಆಮೇಲೆ ಏಕೆ ಎಂದು ಕೇಳು.

ಇದು ಸಂದರ್ಶನ ಮಾಡುವ ಖಾಸಗಿ ಕಾಲೇಜುಗಳಿಗೆ, ವಿದ್ಯಾರ್ಥಿವೇತನದ ಅರ್ಜಿಗಳಿಗೆ ಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಸರ್ಕಾರಿ ಕಾಲೇಜುಗಳಲ್ಲಿ ಸೀಟು ಸಿಗುವುದು ಅಂಕ ಮತ್ತು ಮೀಸಲಾತಿಯ ಮೇಲೆ, ಪ್ರಬಂಧ ಯಾರೂ ಕೇಳುವುದಿಲ್ಲ. ಅಲ್ಲಿ ಗಟ್ಟಿ ಅರ್ಜಿ ಎಂದರೆ ತಪ್ಪಿಲ್ಲದ ಅರ್ಜಿ. ಪದವಿ ಪ್ರವೇಶದ ಅರ್ಜಿ ಹಾಕುವ ಯುಯುಸಿಎಂಎಸ್ ಜಾಲತಾಣದಲ್ಲಿ ಖಾತೆ ತೆರೆಯುವ ಮೊದಲೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರಗಳನ್ನು ತೆಗೆಸು. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಒಂದೊಂದಾಗಿ ನೋಡಿಕೊಂಡು ತುಂಬು. ಒಂದು ಅಂಕಿ ತಪ್ಪಿ, ಸೀಟು ಸಾಮಾನ್ಯ ವರ್ಗಕ್ಕೆ ಹೋಗಿ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ. ಅದೇ ಪ್ರಮಾಣಪತ್ರಗಳು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಬೇಕು.

ದೆಹಲಿಗೆ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಪದವಿ ಬಿ.ಎಂ.ಎಸ್.ಗೆ ಗಣಿತ ಬೇಕೇ ಬೇಕು, ಆ ಬಾಗಿಲು ನಿನಗಿಲ್ಲ. ಅಲ್ಲಿನ ಬಿ.ಕಾಂ. ಆನರ್ಸ್‌ಗೆ ಗಣಿತದ ಬದಲು ಅಕೌಂಟೆನ್ಸಿ ಬರೆದು ಪ್ರಯತ್ನಿಸಬಹುದು. ಅರ್ಜಿ ತುಂಬುವ ದಿನ ಆ ವರ್ಷದ ನಿಯಮ ಪುಸ್ತಿಕೆಯನ್ನು ಸರ್ ಜೊತೆ ಕುಳಿತು ಓದಿ ವಿಷಯಗಳನ್ನು ಆರಿಸಿಕೋ.

*

ಪ್ರಶ್ನೆ: ನಮ್ಮ ಮಗನನ್ನು ವಿದೇಶದಲ್ಲಿ ಬಿಸಿನೆಸ್ ಓದಿಸಬೇಕೆಂಬ ಆಸೆ. ಸಲಹಾ ಕೇಂದ್ರವೊಂದರವರು 60 ಸಾವಿರ ರೂಪಾಯಿ ಕೊಟ್ಟರೆ ಪ್ರಬಂಧ ತಾವೇ ಬರೆದುಕೊಡುತ್ತಾರಂತೆ, ಮಗನೇ ಸೇವಾ ಸಂಸ್ಥೆಯೊಂದನ್ನು ಸ್ಥಾಪಿಸಿದಂತೆ ದಾಖಲೆಯನ್ನೂ ಮಾಡಿಕೊಡುತ್ತಾರಂತೆ. ಎಲ್ಲರೂ ಹೀಗೆಯೇ ಮಾಡುತ್ತಾರೆ ಎನ್ನುತ್ತಾರೆ. ಕೊಡಬಹುದೇ?
– ಪೋಷಕರು, ಮೈಸೂರು

ಉತ್ತರ: ದಯವಿಟ್ಟು ಕೊಡಬೇಡಿ. ಕಾಮನ್ ಆ್ಯಪ್‌ನಲ್ಲಿ ಇದೆಲ್ಲ ನನ್ನದೇ ಕೆಲಸ, ನಿಜ ಎಂದು ನಿಮ್ಮ ಮಗನೇ ಸಹಿ ಹಾಕಬೇಕು. ಸುಳ್ಳೆಂದು ತಿಳಿದರೆ ಸೀಟು ಕೊಟ್ಟ ಮೇಲೂ ಹಿಂದಕ್ಕೆ ಪಡೆಯುತ್ತಾರೆ.

ಸುಳ್ಳು ದಾಖಲೆಯ ಮಾತು ಹಾಗಿರಲಿ, ಪ್ರೀತಿಯಿಂದ ಬರೆದುಕೊಟ್ಟದ್ದೂ ಎಂಥ ಕೇಡು ಮಾಡುತ್ತದೆ ಎಂಬುದನ್ನು ನನ್ನ ಕೈಯಿಂದಲೇ ಆದ ತಪ್ಪಿನಿಂದ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಕಾಲೇಜೊಂದರ ಬಿ.ಬಿ.ಎ.ಗೆ ಅರ್ಜಿ ಹಾಕಿದ. ಜಾಣ ಹುಡುಗ, ಇಂಗ್ಲಿಷ್ ಮಾತ್ರ ತಡವರಿಸುತ್ತಿತ್ತು. ಒಂದು ಪುಟದ ಹೇಳಿಕೆ ಬರೆದು ತಂದು ತೋರಿಸಿದ. ನಾನು ತಿದ್ದಲು ಕುಳಿತು ರಾತ್ರಿ ಹನ್ನೊಂದರ ಹೊತ್ತಿಗೆ ಪೂರ್ತಿ ನನ್ನ ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದೆ. ಸಂದರ್ಶನದ ದಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಜೊತೆಗೆ ಹೋದೆ. ಒಳಗೆ ಅವನ ಹೇಳಿಕೆಯಲ್ಲಿದ್ದ ಒಂದು ವಾಕ್ಯಕ್ಕೆ ಬೆರಳಿಟ್ಟು, ಇದನ್ನು ನಿನ್ನ ಮಾತಿನಲ್ಲಿ ಬಿಡಿಸಿ ಹೇಳು ಎಂದರಂತೆ. ಆ ವಾಕ್ಯ ನನ್ನದು. ಅವನ ಬಾಯಿಂದ ಏನೂ ಬರಲಿಲ್ಲ. ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ವಾಪಸು ಬರುವಾಗ ಮಂಡ್ಯದ ತನಕ ಕಿಟಕಿಯ ಕಡೆ ತಿರುಗಿ ಕುಳಿತಿದ್ದ. ಅವನು ಮೊದಲು ಬರೆದು ತಂದಿದ್ದ ಒಡಕು ಇಂಗ್ಲಿಷಿನ ಪುಟದಲ್ಲಿ ಅವರ ಊರಿನ ಹಾಲಿನ ಡೇರಿಯಲ್ಲಿ ಕೊಬ್ಬಿನ ಅಂಶ ನೋಡಿ ದರ ಕಟ್ಟುವ ಬಗ್ಗೆ ಆರು ಸಾಲುಗಳಿದ್ದವು. ಅವುಗಳನ್ನು ಹೊಡೆದು ಹಾಕಿದವಳು ನಾನು. ಇವತ್ತಿಗೂ ಆ ಆರು ಸಾಲುಗಳು ನನ್ನನ್ನು ಬಿಟ್ಟಿಲ್ಲ.

ಮಗನ ಬರಹದಲ್ಲಿ ಕಾಗುಣಿತ ತಪ್ಪಿದ್ದರೆ, ಅರ್ಥವಾಗದ ವಾಕ್ಯವಿದ್ದರೆ ಗುರುತು ಹಾಕಿಕೊಡಿ. ತಿದ್ದಿ ಬರೆಯುವುದು ಅವನ ಕೆಲಸ. ಆ 60 ಸಾವಿರ ಅರ್ಜಿ ಶುಲ್ಕಕ್ಕೆ, ಇಂಗ್ಲಿಷ್ ಪರೀಕ್ಷೆಯ ಶುಲ್ಕಕ್ಕೆ ಬೇಕಾಗುತ್ತದೆ, ಇಟ್ಟುಕೊಳ್ಳಿ.

*

ಪ್ರಶ್ನೆ: ಬಿ.ಕಾಂ. ಒಳ್ಳೆಯದೋ ಬಿ.ಬಿ.ಎ. ಒಳ್ಳೆಯದೋ?
– ವಿದ್ಯಾರ್ಥಿ, ಮದ್ದೂರು

ಉತ್ತರ: ಲೆಕ್ಕ, ತೆರಿಗೆ, ಸಿ.ಎ. ಕಡೆ ಮನಸ್ಸಿದ್ದರೆ ಬಿ.ಕಾಂ. ಜನರೊಂದಿಗೆ ವ್ಯವಹರಿಸುವುದು, ಮಾರಾಟ, ಸ್ವಂತ ಉದ್ಯೋಗದ ಕಡೆ ಇದ್ದರೆ ಬಿ.ಬಿ.ಎ. 2024–25ರಿಂದ ಬಿ.ಬಿ.ಎ. ಕೋರ್ಸು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇಯ ಅನುಮೋದನೆಯ ವ್ಯಾಪ್ತಿಗೆ ಬಂದಿದೆ, ಸೇರುವ ಕಾಲೇಜಿಗೆ ಅದು ಇದೆಯೇ ಎಂದು ಕೇಳಿಕೋ. ಅದೇ ವರ್ಷದಿಂದ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ.

*

ಪ್ರಶ್ನೆ: ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರಿದೆ. ವಿದೇಶದ ಅರ್ಜಿಗೆ ತೊಂದರೆಯೇ?
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ತೊಂದರೆಯೇ. ಅರ್ಜಿ, ಇಂಗ್ಲಿಷ್ ಪರೀಕ್ಷೆ, ವೀಸಾ ಎಲ್ಲಕ್ಕೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಆಧಾರ. ಆದ್ದರಿಂದ ಪಾಸ್‌ಪೋರ್ಟ್ ಮೊದಲು ಮಾಡಿಸಿ. ಆಮೇಲೆ ಎಲ್ಲೆಡೆ ಅದರಂತೆಯೇ ಬರೆಯಿರಿ. ಬೆಂಗಳೂರಿಗೆ ಅಲೆಯಬೇಕಿಲ್ಲ, ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವೆ ಮೊದಲು ಆರಂಭವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, 2017ರಲ್ಲಿ.

*

ಪ್ರಶ್ನೆ: ನಾನು ಗ್ರಾಮಾಂತರ ಪದವಿಪೂರ್ವ ಕಾಲೇಜಿನ ವಾಣಿಜ್ಯ ಉಪನ್ಯಾಸಕ. ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಕಾಲೇಜಿಗೆ ಶಿಫಾರಸು ಪತ್ರ ಕೇಳಿದ್ದಾಳೆ. ನಮ್ಮ ಕಾಲೇಜಿನಲ್ಲಿ ಇದುವರೆಗೆ ಯಾರೂ ಇಂಥದ್ದನ್ನು ಬರೆದಿಲ್ಲ. "ಶ್ರದ್ಧೆಯುಳ್ಳ, ವಿನಯಶೀಲ ವಿದ್ಯಾರ್ಥಿನಿ" ಎಂದು ನಡತೆ ಪ್ರಮಾಣಪತ್ರದಂತೆ ಬರೆದರೆ ಸಾಕೇ? ಒಮ್ಮೆ ನಾನು ಹಲಗೆಯ ಮೇಲೆ ಹಾಕಿದ, ಡೆಬಿಟ್ ಕ್ರೆಡಿಟ್ ಎರಡೂ ಸಮವಾಗಬೇಕಾದ ಟ್ರಯಲ್ ಬ್ಯಾಲೆನ್ಸ್ ಪಟ್ಟಿ ಕೂಡದೆ ಗಂಟೆ ಹೊಡೆದುಬಿಟ್ಟಿತು. ಆ ಹುಡುಗಿ ಮಧ್ಯಾಹ್ನ ಸಿಬ್ಬಂದಿ ಕೊಠಡಿಗೆ ಬಂದು, ಯಾರಿಗೂ ಕೇಳದಂತೆ, ತಪ್ಪು ಎಲ್ಲಿದೆ ಎಂದು ತೋರಿಸಿದಳು. ಅಷ್ಟು ಜಾಣೆ.
– ಉಪನ್ಯಾಸಕ, ಮಂಡ್ಯ ಜಿಲ್ಲೆ

ಉತ್ತರ: ಸಾಲದು, ಸರ್. ನಡತೆ ಪ್ರಮಾಣಪತ್ರದ ಮಾತುಗಳನ್ನು ಇಡೀ ತರಗತಿಗೆ ಹೊಂದಿಸಬಹುದು, ಅವಳೊಬ್ಬಳೇ ಅದರಲ್ಲಿ ಕಾಣುವುದಿಲ್ಲ. ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷ್ ಉಪನ್ಯಾಸಕರ ನೆರವು ಪಡೆಯಿರಿ. ನಿಮ್ಮ ಇಂಗ್ಲಿಷ್ ಸರಳವಾಗಿದ್ದರೆ ಅವಳಿಗೇನೂ ನಷ್ಟವಿಲ್ಲ. ಅವಳು ತನ್ನ ಅರ್ಜಿಯಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟ ಮೇಲೆ ಕೊಂಡಿಯೊಂದು ನಿಮಗೆ ಬರುತ್ತದೆ, ಪತ್ರವನ್ನು ಅಲ್ಲಿಗೆ ನೀವೇ ಏರಿಸಬೇಕು. ಅವಳ ಕೈಗೆ ಕೊಡುವಂತಿಲ್ಲ.

ಪತ್ರದಷ್ಟೇ ಮುಖ್ಯವಾದದ್ದು ಕಾಲೇಜಿನ ಪರಿಚಯದ ಒಂದು ಪುಟ. ಪ್ರಾಂಶುಪಾಲರ ಸಹಿಯೊಂದಿಗೆ ಅದು ಅಂಕಪಟ್ಟಿಯ ಜೊತೆ ಹೋಗಬೇಕು. ಪಿಯುಸಿ ಎಂದರೇನು ಎಂದು ಅಲ್ಲಿನವರಿಗೆ ತಿಳಿದಿರಲೇಬೇಕೆಂದಿಲ್ಲ. ರಾಜ್ಯ ಮಂಡಳಿ ನಡೆಸುವ ಪರೀಕ್ಷೆ ಎಂದು ಬರೆಯಿರಿ. ನಿಮ್ಮಲ್ಲಿ ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಮಂದಿ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಯಾವ ವಿಷಯಗಳನ್ನು ನಿಮ್ಮಲ್ಲಿ ಹೇಳಿಕೊಡುವುದೇ ಇಲ್ಲ ಎಂಬುದನ್ನು ಬರೆಯಿರಿ. ಕಂಪ್ಯೂಟರ್ ಪ್ರಯೋಗಾಲಯ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಇದಿಲ್ಲದೆ ಅವಳ ಅಂಕಗಳನ್ನು ಎಲ್ಲ ಸೌಲಭ್ಯವಿರುವ ನಗರದ ಶಾಲೆಯ ಅಂಕಗಳ ಪಕ್ಕದಲ್ಲಿಟ್ಟು ಓದುತ್ತಾರೆ.

ಪತ್ರಕ್ಕೆ ನಿಮ್ಮ ಟ್ರಯಲ್ ಬ್ಯಾಲೆನ್ಸ್ ಪ್ರಸಂಗ ಸಾಕು, ಅದನ್ನೇ ಬಿಡಿಸಿ ಬರೆಯಿರಿ. ಎಷ್ಟು ರೂಪಾಯಿ ವ್ಯತ್ಯಾಸ ಬಂದಿತ್ತು, ಡೆಬಿಟ್ಟಿಗೆ ಹೋಗಬೇಕಾದ ಯಾವ ಮೊತ್ತ ಕ್ರೆಡಿಟ್ಟಿಗೆ ಹೋಗಿತ್ತು ಎಂಬುದನ್ನೂ ಸೇರಿಸಿ. ತರಗತಿಯ ನಡುವೆ ಎದ್ದು ನಿಂತು ಹೇಳಬಹುದಿತ್ತು, ಆದರೆ ಮಧ್ಯಾಹ್ನದ ತನಕ ಕಾದು ನಿಮ್ಮ ಬಳಿಗೆ ಬಂದಳು ಎಂಬುದನ್ನು ಮರೆಯಬೇಡಿ. ಮರುದಿನ ನೀವು ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡು ಅವಳ ಹೆಸರು ಹೇಳಿದಿರೋ ಇಲ್ಲವೋ, ನಿಮ್ಮ ಕಾಗದದಲ್ಲಿಲ್ಲ. ಹೇಳಿದ್ದರೆ ಆಗ ಅವಳು ಏನು ಮಾಡಿದಳು ಎಂಬಲ್ಲಿಗೆ ಪತ್ರ ಮುಗಿಸಿ.